ಟವೆಲ್ಲಿನ ಕೆಳಗಿನ ವ್ಯಾಪಾರ

ಚೌಡಪ್ಪನವರು ಮೊದಲು ಎತ್ತಿನ ವ್ಯಾಪಾರ ಮಾಡುತ್ತಿದ್ದವರು. ಎತ್ತು ಬಿಟ್ಟು ಕಾರು ಹಿಡಿದರು, ಆದರೆ ಟವೆಲ್ಲು ಬಿಡಲಿಲ್ಲ. ಭದ್ರಾವತಿಯ ಹಳೇ ಊರಿನಲ್ಲಿ ಅವರದೊಂದು ತಗಡಿನ ಶೆಡ್ಡು. ಹಳೇ ಕಾರು ಕೊಟ್ಟು, ಮೇಲೊಂದಿಷ್ಟು ಹಣ ಸೇರಿಸಿ, ಅದಕ್ಕಿಂತ ಕಡಿಮೆ ಹಳೆಯದೊಂದನ್ನು ತರಬೇಕೆಂದರೆ ಶಿವಮೊಗ್ಗದವರೂ ಅಲ್ಲಿಗೇ ಹೋಗಬೇಕಿತ್ತು. ಐವತ್ತೊಂಬತ್ತನೇ ಇಸವಿ ಅದು. ಹೊಸ ಕಾರಿಗೆ ಹೆಸರು ಬರೆಸಿದರೆ ಮಗನ ಮದುವೆಗೆ ಬರಬೇಕಾದದ್ದು ಮೊಮ್ಮಗನ ನಾಮಕರಣಕ್ಕೆ ಬರುತ್ತಿತ್ತು. ಕಾಯಲಾರದವರೆಲ್ಲ ಚೌಡಪ್ಪನವರ ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಅವರು ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಗಿರಾಕಿಯ ಕೈ ಹಿಡಿದು, ಮೇಲೆ ತಮ್ಮ ಹೆಗಲ ಟವೆಲ್ಲು ಹೊದಿಸಿ, ಒಳಗೆ ಬೆರಳು ಹಿಡಿದು ತಿಳಿಸುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಬೆರಳು ಸೇರಿಸಿ ಹಿಡಿದರೆ ಐದು. ನೂರರ ಮಾತೋ ಸಾವಿರದ ಮಾತೋ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ದನದ ಸಂತೆಯಲ್ಲಿ ಇದು ಹಿಂದಿನಿಂದ ಬಂದ ಪದ್ಧತಿ. ಪಕ್ಕದಲ್ಲಿ ನಿಂತವನಿಗೆ ಕಾಣುವುದು ಟವೆಲ್ಲು ಮಾತ್ರ. ಹಾಗಾಗಿ ಅದೇ ಕಾರಿಗೆ ಒಬ್ಬನಿಗೆ ಒಂದು ಬೆಲೆ, ಇನ್ನೊಬ್ಬನಿಗೆ ಇನ್ನೊಂದು ಬೆಲೆ ಹೇಳಿದರೂ ಕೇಳುವವರಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಚೌಡಪ್ಪನವರಿಗೆ ಅದು ಗಾದೆಯಲ್ಲ, ಸಂಪಾದನೆ. ಗಂಡಸರು ಮಾತ್ರ ಇದನ್ನು ಮರ್ಯಾದೆಯ ವ್ಯಾಪಾರ ಎಂದು ಕರೆಯುತ್ತಿದ್ದರು. ನನಗೆ ಅದರಲ್ಲಿ ಮರ್ಯಾದೆ ಎಂದೂ ಕಂಡಿದ್ದಿಲ್ಲ.

ನಾನು ದಾಕ್ಷಾಯಣಮ್ಮ. ಆಗ ನನಗೆ ಮೂವತ್ತು ದಾಟಿತ್ತು. ಗಂಡ ಹಾಲಸ್ವಾಮಿ ಟೈಫಾಯ್ಡಿನಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಬಿಟ್ಟು ಹೋದದ್ದು ಒಂದು ಫೋರ್ಡ್ ಟ್ಯಾಕ್ಸಿ, ಅದನ್ನು ಓಡಿಸಲು ಪುಟ್ಟಯ್ಯ ಎಂಬ ಡ್ರೈವರು, ಮತ್ತು ಅದನ್ನು ಮಾರಿಸಲು ಶಿವಯೋಗಪ್ಪ ಎಂಬ ಅಣ್ಣ. ಆ ಅಣ್ಣ ನನಗೆ ಭಾವ. ಗಂಡನ ಶಿವಗಣಾರಾಧನೆಯ ಊಟದ ಎಲೆ ಎತ್ತುವ ಮೊದಲೇ, ಹೆಂಗಸು ಟ್ಯಾಕ್ಸಿ ಇಟ್ಟುಕೊಂಡರೆ ಜನ ಏನೆನ್ನುತ್ತಾರೆ ಎಂದು ಅವರು ಚಿಂತೆಗೆ ಬಿದ್ದಿದ್ದರು. ಜನ ಏನೂ ಅನ್ನಲಿಲ್ಲ. ಬಾಡಿಗೆ ಎಷ್ಟು ಎಂದು ಕೇಳಿದರು, ಹತ್ತಿದರು, ಇಳಿದರು. ಎರಡು ವರ್ಷ ನಾನು ಯಾರ ಅಡುಗೆಮನೆಯಲ್ಲೂ ಕೈಯೊಡ್ಡದೆ ಬದುಕಿದ್ದೆ.

ನನ್ನ ಬಾಡಿಗೆಯಲ್ಲಿ ಗಟ್ಟಿಯಾದದ್ದು ಭದ್ರಾವತಿ ಕಾರ್ಖಾನೆಯ ಇಬ್ಬರು ಎಂಜಿನಿಯರುಗಳದ್ದು. ಮನೆ ಶಿವಮೊಗ್ಗದಲ್ಲಿ, ಕೆಲಸ ಭದ್ರಾವತಿಯಲ್ಲಿ. ಬೆಳಿಗ್ಗೆ ಕರೆದುಕೊಂಡು ಹೋಗುವುದು, ಸಂಜೆ ಕರೆದುಕೊಂಡು ಬರುವುದು. ಆದರೆ ಫೋರ್ಡಿಗೆ ವಯಸ್ಸಾಗಿತ್ತು. ದಾರಿಯಲ್ಲಿ ಮಾಚೇನಹಳ್ಳಿ ಬಂತೆಂದರೆ ಅದಕ್ಕೆ ಸುಸ್ತು. ಇಬ್ಬರು ಎಂಜಿನಿಯರುಗಳು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಕಾರು ತಳ್ಳುವುದನ್ನು ಆ ಊರಿನ ಮಕ್ಕಳು ನೋಡಲು ಬರುತ್ತಿದ್ದರಂತೆ. ದೀಪಾವಳಿಯೊಳಗೆ ಬೇರೆ ಕಾರು ತಂದರೆ ಸರಿ, ಇಲ್ಲವಾದರೆ ಬೇರೆ ಟ್ಯಾಕ್ಸಿ ನೋಡಿಕೊಳ್ಳುತ್ತೇವೆ ಎಂದು ಅವರು ಒಳ್ಳೆಯ ಮಾತಿನಲ್ಲೇ ಹೇಳಿದರು. ಅವರು ಹೋದರೆ ಟ್ಯಾಕ್ಸಿ ನಿಲ್ಲುತ್ತದೆ. ಟ್ಯಾಕ್ಸಿ ನಿಂತರೆ ನಾನು ಭಾವನ ಮನೆಯಲ್ಲಿ ಒಲೆ ಊದಬೇಕು. ಇದು ನನಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

ಚೌಡಪ್ಪನವರ ಶೆಡ್ಡಿನಲ್ಲಿ ಒಂದು ಲ್ಯಾಂಡ್‌ಮಾಸ್ಟರ್ ಕಾರು ಬಂದು ನಿಂತಿದೆ, ಅದೂ ಟ್ಯಾಕ್ಸಿಯಾಗಿ ಓಡಿದ್ದೇ, ಎಂಜಿನ್ನು ಚೆನ್ನಾಗಿದೆ ಎಂದು ಪುಟ್ಟಯ್ಯ ನೋಡಿಕೊಂಡು ಬಂದ. ಆರೂವರೆ ಸಾವಿರ ಅಂತೆ. ನನ್ನ ಬಳೆ, ಸರ ಎಲ್ಲ ಕರಗಿಸಿ ನನ್ನಲ್ಲಿದ್ದದ್ದು ನಾಲ್ಕು ಸಾವಿರ. ಫೋರ್ಡಿಗೆ ಎರಡೂವರೆ ಹುಟ್ಟಿದರೆ ಲ್ಯಾಂಡ್‌ಮಾಸ್ಟರ್ ನನ್ನದು. ಹುಟ್ಟದಿದ್ದರೆ ಇಲ್ಲ.

ವಿಷಯ ತಿಳಿದು ಭಾವ ತಾವಾಗಿಯೇ ಹೊರಟು ಬಂದರು. ವ್ಯಾಪಾರಕ್ಕೆ ಗಂಡಸಿನ ಕೈ ಬೇಕಲ್ಲ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಪರಗಂಡಸಿನ ಕೈಗೆ ಕೈ ಕೊಟ್ಟು ಟವೆಲ್ಲು ಹೊದ್ದು ನಿಲ್ಲುವ ಹೆಂಗಸು ನಮ್ಮ ಎರಡೂ ಊರಿನಲ್ಲಿ ಹುಟ್ಟಿರಲಿಲ್ಲ. ದಾರಿಯಲ್ಲಿ ಭಾವ ಮುಂದಿನ ಸೀಟಿನಿಂದ ತಿರುಗಿ, ಹಣ ಕಡಿಮೆ ಬಿದ್ದರೆ ನಾನು ಹಾಕುತ್ತೇನೆ, ಕಾರು ನನ್ನ ಹೆಸರಿನಲ್ಲಿರಲಿ, ತಿಂಗಳಿಗೆ ನಿನಗೆ ಬೇಕಾದ ಅಕ್ಕಿ ಬೇಳೆ ಮನೆಗೇ ಬರುತ್ತದೆ ಎಂದರು. ಎಷ್ಟು ಕಡಿಮೆ ಬೀಳುತ್ತದೆ ನೋಡೋಣ ಎಂದೆ.

ಚೌಡಪ್ಪನವರು ಫೋರ್ಡನ್ನು ನೋಡಿದ ರೀತಿಯೇ ಬೇರೆ. ಬಾನೆಟ್ ಎತ್ತಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಬಂದರು, ಬಾಗಿಲನ್ನು ಎತ್ತಿನ ಪಕ್ಕೆ ಒತ್ತಿದ ಹಾಗೆ ಒತ್ತಿದರು, ಟೈರಿಗೊಂದು ಒದೆ ಕೊಟ್ಟರು. ಬಾಯಿ ಬಿಡಿಸಿ ಹಲ್ಲು ಎಣಿಸುವುದೊಂದು ಬಾಕಿ. ಕೊನೆಗೆ ಎತ್ತಿನ ಮೈಮೇಲೆ ಕೆಟ್ಟ ಸುಳಿ ಸಿಕ್ಕಿತೆಂಬಂತೆ ನಿಟ್ಟುಸಿರಿಟ್ಟು, ಯಜಮಾನರು ತೀರಿಕೊಂಡ ಗಾಡಿ, ಇಂಥದನ್ನು ಮುಟ್ಟಲು ಜನ ಹಿಂಜರಿಯುತ್ತಾರೆ, ಬೆಲೆ ಇಳಿಯುತ್ತದೆ ಎಂದರು. ಬೆಂಚಿನ ಮೇಲಿದ್ದವರು ತಲೆಯಾಡಿಸಿದರು. ಭಾವನೂ ತಲೆಯಾಡಿಸಿದರು.

"ಅವರು ತೀರ್ಕೊಂಡಿದ್ದು ಆಸ್ಪತ್ರೆ ಮಂಚದ ಮೇಲೆ," ಎಂದೆ. "ಆ ಮಂಚ ಮಾರೋಕೆ ಬಂದಾಗ ಬೆಲೆ ಇಳಿಸಿ. ಇದು ಕಾರು."

ಚೌಡಪ್ಪನವರು ನನ್ನ ಕಡೆ ನೋಡಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಕೊಡವಿ, ಕೈ ಕೊಡಿ ಎಂದು ಭಾವನನ್ನು ಕರೆದರು. ಕಾರು ನನ್ನದು, ನನ್ನ ಹತ್ತಿರ ಮಾತಾಡಿ ಎಂದೆ. ಅವರ ದನಿ ಬೆಲ್ಲವಾಯಿತು.

"ತಾಯೀ, ನಿಮ್ಮ ಕೈ ಹಿಡಿಯೋಕಾಗುತ್ತಾ ನಾನು? ನಮ್ಮನೆ ಹೆಣ್ಣುಮಗಳು ಇದ್ದಂಗೆ ನೀವು."

ಹಾಗಾದರೆ ಬಾಯಲ್ಲಿ ಹೇಳಿ ಎಂದೆ. ಬಾಯಲ್ಲಿ ಬೆಲೆ ಹೇಳುವುದು ಸೊಪ್ಪು ಮಾರುವವರು ಎಂದು ಅವರು ನಕ್ಕರು. ಬೆಂಚೂ ನಕ್ಕಿತು. ನನಗೊಂದು ಕುರ್ಚಿ ತರಿಸಿ ನೆರಳಿನಲ್ಲಿ ಹಾಕಿಸಿದರು, ಚಹಾ ಹೇಳಿದರು. ಹೆಂಗಸರಿಗೆ ಇಷ್ಟು ಉಪಚಾರ ಮಾಡುತ್ತಾರೆಂದರೆ ಎಲ್ಲೋ ಏನೋ ಕಿತ್ತುಕೊಳ್ಳುತ್ತಿದ್ದಾರೆ ಎಂದೇ ಅರ್ಥ. ನಾನು ಕುರ್ಚಿಯ ಮೇಲೆ ಕೂತೆ, ಚಹಾ ಮುಟ್ಟಲಿಲ್ಲ.

ಬೆಂಚಿನ ತುದಿಯಲ್ಲಿ ಒಬ್ಬರು ಕೂತಿದ್ದರು. ಆಯನೂರಿನವರು, ಲಿಂಗಪ್ಪ ಎಂದು ಹೆಸರು, ಅಕ್ಕಿ ಗಿರಣಿ ಇಟ್ಟವರು ಎಂದು ಪುಟ್ಟಯ್ಯ ಹೇಳಿದ. ಎಲ್ಲರೂ ಟವೆಲ್ಲು ನೋಡುತ್ತಿದ್ದರೆ ಅವರು ನನ್ನ ಫೋರ್ಡನ್ನು ನೋಡುತ್ತಿದ್ದರು. ಎರಡು ಸಲ ಎದ್ದು ಹೋಗಿ ಕಿಟಕಿಯಿಂದ ಒಳಗಿನ ಸೀಟು ನೋಡಿ ಬಂದರು. ತನಗೆ ಸಂಬಂಧವಿಲ್ಲದ ಕಾರನ್ನು ಯಾರೂ ಹಾಗೆ ನೋಡುವುದಿಲ್ಲ.

ಟವೆಲ್ಲಿನ ಕೆಳಗೆ ವ್ಯಾಪಾರ ನಡೆಯಿತು. ಭಾವ ಒಮ್ಮೆ ಹುಬ್ಬು ಏರಿಸಿದರು, ಒಮ್ಮೆ ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದರು, ನನ್ನ ಕಡೆ ನೋಡಿ ಎಷ್ಟು ಕಷ್ಟಪಡುತ್ತಿದ್ದೇನೆ ನೋಡು ಎನ್ನುವ ಮುಖ ಮಾಡಿದರು. ಆಮೇಲೆ ಚೌಡಪ್ಪನವರು ಆಯ್ತು ಎಂದರು. ಭಾವನೂ ಆಯ್ತು ಎಂದರು.

ನನ್ನ ತಂದೆ ಕುಂಸಿಯ ಕಡೆ ಎತ್ತಿನ ವ್ಯಾಪಾರ ಮಾಡಿದವರು. ನಾನು ಲಂಗ ಉಟ್ಟ ಕಾಲದಿಂದ ಈ ಟವೆಲ್ಲು ನೋಡಿದವಳು. ಅದರಲ್ಲಿ ಒಂದು ಕಟ್ಟುನಿಟ್ಟು ಇದೆ. ಆಯ್ತು ಎಂಬ ಮಾತು ಬಾಯಿಂದ ಬಂದ ತಕ್ಷಣ ಇಬ್ಬರ ಕೈಯೂ ಹೊರಗೆ ಬರಬೇಕು. ಬೆಲೆ ಕುದುರಿದ ಮೇಲೆ ಬೆರಳಿಗೆ ಕೆಲಸವಿಲ್ಲ, ಇದ್ದರೆ ಅದು ಕದ್ದು ಕೊಡುವ ಪಾಲಿನ ಲೆಕ್ಕ. ಒಂದು ಸಲ ಒಬ್ಬ ದಲ್ಲಾಳಿ ಆಯ್ತು ಎಂದ ಮೇಲೂ ಕೈ ಒಳಗೇ ಇಟ್ಟಿದ್ದಕ್ಕೆ ನನ್ನ ತಂದೆ ಕುದುರಿದ ಜೋಡಿಯನ್ನೇ ಬೇಡವೆಂದು ಬಿಟ್ಟು ಬಂದಿದ್ದರು.

ಭಾವನ ಕೈ ಹೊರಗೆ ಬರಲಿಲ್ಲ. ಚೌಡಪ್ಪನವರ ಕೈಯೂ ಬರಲಿಲ್ಲ. ಟವೆಲ್ಲಿನ ಮಡಿಕೆ ಮೆಲ್ಲಗೆ ಅಲುಗುತ್ತಿತ್ತು. ನನಗೆ ಸಿಟ್ಟು ಬಂತು. ಅಂಥ ಸಿಟ್ಟು ನನಗೆ ಗಂಡ ಸತ್ತಾಗ ದೇವರ ಮೇಲೂ ಬಂದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದನ್ನು ನಾನು ನೆರಳಿನಲ್ಲಿ ಕೂತು ನೋಡುತ್ತಿದ್ದೆ, ಅದೂ ನನ್ನದೇ ಹೊಲ. ಎದ್ದು ನೇರ ನಡೆದು ಹೋಗಿ ಟವೆಲ್ಲು ಹಿಡಿದು ಎಳೆದುಬಿಟ್ಟೆ.

ವ್ಯಾಪಾರದಲ್ಲಿರುವವರ ಮೇಲಿನ ಟವೆಲ್ಲು ಎಳೆಯುವುದೂ ಉಟ್ಟ ಪಂಚೆ ಎಳೆಯುವುದೂ ನಮ್ಮ ಕಡೆ ಒಂದೇ. ಬೆಂಚಿನಿಂದ ಒಂದು ಸದ್ದು ಬಂತು. ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಕೈ ಬೆತ್ತಲೆ ನಿಂತಿದ್ದವು. ಚೌಡಪ್ಪನವರ ಮುಷ್ಟಿಯೊಳಗೆ ಭಾವನ ಮೂರು ಬೆರಳು. ಬಿಡಿಸಿಕೊಳ್ಳಲು ಇಬ್ಬರಿಗೂ ಹೊಳೆಯಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಅಲ್ಲಿದ್ದವರೆಲ್ಲ ಸಂತೆ ಕಂಡವರೇ.

ಫೋರ್ಡಿಗೆ ಎಷ್ಟಾಯಿತು ಎಂದು ಭಾವನನ್ನು ಕೇಳಿದೆ. ಅವರು ಕೈ ಎಳೆದುಕೊಂಡು, ಒಂದೂವರೆ ಸಾವಿರ, ಈ ಕಾಲಕ್ಕೆ ಅದೇ ಹೆಚ್ಚು ಎಂದರು. ಅಂದರೆ ನನಗೆ ಒಂದು ಸಾವಿರ ಕಡಿಮೆ ಬೀಳುತ್ತಿತ್ತು. ಆ ಸಾವಿರ ಅವರು ಹಾಕುತ್ತಿದ್ದರು, ಕಾರು ಅವರ ಹೆಸರಿಗೆ ಹೋಗುತ್ತಿತ್ತು.

"ಬೆಲೆ ಆಯ್ತು ಅಂದ್ಮೇಲೆ ಹಿಡಿದ ಮೂರು ಬೆರಳು ಯಾರ ಲೆಕ್ಕ ಭಾವ?" ಎಂದು ಕೇಳಿದೆ.

ಅದು ಗಂಡಸರ ವ್ಯವಹಾರ, ನಿನಗೆ ತಿಳಿಯುವುದಿಲ್ಲ ಎಂದರು. ತಿಳಿಯದೇ ಏನು, ಮುನ್ನೂರು ರೂಪಾಯಿ. ನನ್ನ ಅನ್ನ ಕಿತ್ತುಕೊಳ್ಳಲು ಅವರು ಕೇಳಿದ ಕೂಲಿ ಅಷ್ಟೇ. ಇನ್ನೂ ಹೆಚ್ಚು ಕೇಳಿದ್ದರೆ ಅವರ ಮೇಲೆ ನನಗೆ ಸ್ವಲ್ಪವಾದರೂ ಗೌರವ ಉಳಿಯುತ್ತಿತ್ತೋ ಏನೋ.

ಆಗ ಬೆಂಚಿನ ತುದಿಯಿಂದ ಲಿಂಗಪ್ಪನವರು ಎದ್ದರು. ನಿಧಾನದ ಮನುಷ್ಯ. ಎದ್ದು, ಪಂಚೆ ಸರಿಮಾಡಿಕೊಂಡು, ಚೌಡಪ್ಪನವರ ಎದುರು ಬಂದು ನಿಂತರು.

"ಏನ್ ಮಾರಾಯ, ಇವತ್ತು ಬರುತ್ತೆ ಅಂತ ಹೇಳಿ ನಂಗೆ ಮೂರು ಸಾವಿರಕ್ಕೆ ಬೆರಳು ಹಿಡಿದಿದ್ದು ಇದೇ ಫೋರ್ಡಿಗಲ್ವಾ ನೀನು?"

ಚೌಡಪ್ಪನವರು ಹೆಗಲಿಗೆ ಕೈ ಹಾಕಿದರು. ಅಲ್ಲಿ ಟವೆಲ್ಲು ಇರಲಿಲ್ಲ. ಅದು ನನ್ನ ತೋಳಿನ ಮೇಲಿತ್ತು. ಅವರಿಗೆ ಆ ಹೊತ್ತಿನಲ್ಲಿ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಟವೆಲ್ಲು ಕೊಡಿ ಎಂದು ಕೇಳಿದರು. ವ್ಯಾಪಾರ ಮುಗಿಯಲಿ ಕೊಡುತ್ತೇನೆ ಎಂದೆ. ನಿಮಗೆ ಈ ಶೆಡ್ಡಿನಲ್ಲಿ ವ್ಯಾಪಾರವಿಲ್ಲ, ಹೆಂಗಸು ಮೈಮೇಲೆ ಬಿದ್ದು ಟವೆಲ್ಲು ಎಳೆದ ಸುದ್ದಿ ಸಂಜೆಯೊಳಗೆ ಶಿವಮೊಗ್ಗ ಮುಟ್ಟುತ್ತದೆ ಎಂದರು. ಮುಟ್ಟಲಿ. ನಾನು ಬಲಗೈ ಮುಂದೆ ಚಾಚಿದೆ.

"ಹಿಡೀರಿ. ಬಟ್ಟೆ ಬೇಡ. ಮನೆ ಹೆಣ್ಣುಮಗಳು ಅಂದ್ರಲ್ಲ, ಎಲ್ಲರ ಎದುರಿಗೇ ಹಿಡಿದು ಬೆಲೆ ಹೇಳಿ."

ಮೂವತ್ತು ವರ್ಷ ಎರಡು ಊರಿನ ಗಂಡಸರ ಕೈ ಹಿಡಿದವರು ತಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಭಾವ ಮನೆಗೆ ನಡಿ ಎಂದು ಗದರಿದರು. ನಾನು ಅವರ ಕಡೆ ತಿರುಗಲೇ ಇಲ್ಲ. ಲಿಂಗಪ್ಪನವರ ಕಡೆ ತಿರುಗಿ, ಫೋರ್ಡು ಬೇಕೇ ಎಂದು ಕೇಳಿದೆ. ಅದರಲ್ಲಿ ಏನೇನು ಕೆಟ್ಟಿದೆ ಎಂದು ಅವರು ಕೇಳಿದರು. ಮುಚ್ಚಿಡುವುದನ್ನು ಆ ದಿನಕ್ಕೆ ಸಾಕಷ್ಟು ನೋಡಿದ್ದೆ. ಏರಿನಲ್ಲಿ ನೀರು ಕುದಿಯುತ್ತದೆ, ಎಡಗಡೆಯ ಹಿಂದಿನ ಬಾಗಿಲು ಹೊರಗಿನಿಂದಲೇ ತೆಗೆಯಬೇಕು, ದೂರ ಓಡಿಸಿದರೆ ನಿಂತುಬಿಡುತ್ತದೆ, ಗಿರಣಿಯಿಂದ ಮನೆಗೆ, ಮನೆಯಿಂದ ಸಂತೆಗೆ ಆದರೆ ಇನ್ನೂ ಐದು ವರ್ಷ ದುಡಿಯುತ್ತದೆ ಎಂದು ಬೆಂಚಿಗೆಲ್ಲ ಕೇಳುವ ಹಾಗೆ ಹೇಳಿದೆ. ಪುಟ್ಟಯ್ಯ ಬಾನೆಟ್ ಎತ್ತಿ ತೋರಿಸಿದ. ನಾನು ಎರಡು ಸಾವಿರದ ಎಂಟುನೂರು ಎಂದೆ. ಅವರು ಎರಡೂವರೆ ಎಂದರು. ಎರಡು ಸಾವಿರದ ಏಳುನೂರಕ್ಕೆ ಇಬ್ಬರೂ ಬಂದೆವು. ಬಾಯಲ್ಲೇ ಬಂದೆವು. ಸೊಪ್ಪು ಮಾರುವವರಿಗಿಂತ ನಮಗೇನೂ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಲಿಂಗಪ್ಪನವರು ಅಲ್ಲೇ ಹಣ ಕೊಟ್ಟರು. ಹಣ ಸೆರಗಿಗೆ ಕಟ್ಟಿಕೊಂಡು ನಾನು ಲ್ಯಾಂಡ್‌ಮಾಸ್ಟರಿನ ಕಡೆ ನೋಡಲಿಲ್ಲ, ಹೊರಗಿನ ರಸ್ತೆಯ ಕಡೆ ನಡೆದೆ. ಬೇಕೆಂತಲೇ ನಡೆದೆ. ಕೈಯಲ್ಲಿ ದುಡ್ಡಿರುವ ಗಿರಾಕಿ ಬೆನ್ನು ತಿರುಗಿಸುವುದನ್ನು ನೋಡುತ್ತ ನಿಲ್ಲುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಚೌಡಪ್ಪನವರ ದನಿ ಕೇಳಿಸಿತು.

"ಆರೂವರೆ."

ಅಷ್ಟು ಜನರ ಎದುರಿಗೆ ಅವರು ಬಾಯಿ ಬಿಟ್ಟು ಹೇಳಿದ ಮೊದಲ ಬೆಲೆ ಅದೇ ಇರಬೇಕು. ನಾನು ತಿರುಗಿ ಬಂದು ಆರು ಎಂದೆ. ಅವರು ಸುತ್ತ ನೋಡಿದರು. ಬೆಂಚಿನಲ್ಲಿದ್ದವರು ಎದ್ದು ಹತ್ತಿರ ಬಂದಿದ್ದರು. ಎದುರಿನ ಚಹಾದಂಗಡಿಯವನೂ ಲೋಟ ಹಿಡಿದುಕೊಂಡೇ ಬಂದು ನಿಂತಿದ್ದ. ಇವತ್ತು ನನಗೆ ಹೇಳಿದ ಬೆಲೆ ನಾಳೆ ಇವರೆಲ್ಲರ ಬಾಯಲ್ಲಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಅದೇ ಅವರ ಸಂಕಟ. ಮುಂದಿನ ಟೈರು ಎರಡೂ ಸವೆದಿವೆ ಎಂದು ಪುಟ್ಟಯ್ಯ ಹೇಳಿದ. ಆರೂಕಾಲು ಎಂದರು ಚೌಡಪ್ಪನವರು. ಟೈರು ಬದಲಾಯಿಸಿ ಕೊಟ್ಟರೆ ಆರೂಕಾಲು ಎಂದೆ. ಅವರು ಸವೆದ ಟೈರಿಗೊಂದು ಒದೆ ಕೊಟ್ಟು, ಆಯ್ತು ಎಂದರು. ನಾನೂ ಆಯ್ತು ಎಂದು ಟವೆಲ್ಲು ಮಡಿಸಿ ಅವರ ಕೈಗೆ ಕೊಟ್ಟೆ.

ಟೈರು ಹಾಕುವ ಹೊತ್ತಿಗೆ ಕಾಗದವೂ ಆಯಿತು. ಹೆಣ್ಣು ಹೆಸರಿನ ಕೆಳಗೆ ಒಬ್ಬ ಗಂಡಸಿನ ಹೆಸರು ಇರಲಿ, ನಾಳೆ ತೊಂದರೆಯಾಗಬಾರದು ಎಂದು ಭಾವ ಪೆನ್ನು ಹಿಡಿದು ಮುಂದೆ ಬಂದರು. ಆಗಿರುವ ತೊಂದರೆಯೇ ಸಾಕು ಎಂದು ಪೆನ್ನು ಇಸಿದುಕೊಂಡೆ. ದಾಕ್ಷಾಯಣಮ್ಮ ಎಂದು ದೊಡ್ಡದಾಗಿ ರುಜು ಹಾಕಿದೆ. ಕೆಳಗೆ ಇನ್ನೊಂದು ಹೆಸರಿಗೆ ಜಾಗವೂ ಉಳಿಯಲಿಲ್ಲ.

ಲ್ಯಾಂಡ್‌ಮಾಸ್ಟರಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು. ನಾನು ಹಿಂದೆ, ಭಾವ ಮುಂದೆ ಪುಟ್ಟಯ್ಯನ ಪಕ್ಕ. ಅವರನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ಆದರೆ ಬಿಟ್ಟು ಬಂದರೆ ಅವರು ಊರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದರು. ಕರೆದುಕೊಂಡು ಬರುವುದೇ ಹೆಚ್ಚಿನ ಶಿಕ್ಷೆ ಅನ್ನಿಸಿತು. ಭದ್ರಾ ಸೇತುವೆ ದಾಟಿದೆವು. ಆಮೇಲೆ ಭಾವ ಮುಂದೆಯೇ ನೋಡುತ್ತ ಹೇಳಿದರು.

"ಹಾಲಸ್ವಾಮಿ ಇದ್ದಿದ್ರೆ ತಲೆ ತಗ್ಗಿಸ್ತಿದ್ದ. ಮನೆ ಮಾನಾನ ತಂದು ಬೀದಿಗೆ ಹಾಕಿದೆಯಲ್ಲ ನೀನು."

ಸತ್ತವರ ಹೆಸರು ಹೇಳಿ ಬದುಕಿರುವವರ ಬಾಯಿ ಮುಚ್ಚಿಸುವುದು ಎಷ್ಟು ಸುಲಭ. ಎರಡು ವರ್ಷ ಆ ಹೆಸರು ಬಂದಾಗಲೆಲ್ಲ ನಾನು ಸುಮ್ಮನಾಗಿದ್ದೆ. ಅವತ್ತು ಆಗಲಿಲ್ಲ.

"ನನ್ನ ಅನ್ನ ಇರೋದೇ ಬೀದೀಲಿ, ಭಾವ," ಎಂದೆ.

ಊರು ದಾಟಿದ ಮೇಲೆ ರಸ್ತೆ ಬದಿಯ ಹುಣಸೆಮರದ ಕೆಳಗೆ ಶಿವಮೊಗ್ಗದ ಬಸ್ಸಿಗಾಗಿ ನಾಲ್ಕು ಜನ ಕಾಯುತ್ತಿದ್ದರು. ಕಾರ್ಖಾನೆಯ ಖಾಕಿ ತೊಟ್ಟ ಇಬ್ಬರು, ಬುಟ್ಟಿ ಹೊತ್ತ ಒಬ್ಬ ಮುದುಕಿ, ಅವಳ ಮಗಳು. ನಿಲ್ಲಿಸು ಎಂದು ಪುಟ್ಟಯ್ಯನಿಗೆ ಹೇಳಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಶಿವಮೊಗ್ಗಕ್ಕೆ ತಲೆಗೆ ಎಂಟಾಣೆ ಎಂದು ಕೂಗಿದೆ. ಮುದುಕಿ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಬುಟ್ಟಿಗೂ ದುಡ್ಡು ಕೊಡಬೇಕೇ ಎಂದು ಕೇಳಿದಳು. ಬುಟ್ಟಿಗೆ ಇಲ್ಲ ಎಂದೆ. ಅವಳೂ ಮಗಳೂ ನನ್ನ ಪಕ್ಕ ಹತ್ತಿದರು. ಖಾಕಿಯವರು ಮುಂದಿನ ಬಾಗಿಲು ತೆಗೆದು, ಅಲ್ಲಿ ಜರಿಯಂಚಿನ ಪಂಚೆ ಹರಡಿಕೊಂಡು ಅಗಲಕ್ಕೆ ಕೂತಿದ್ದ ಭಾವನನ್ನು ನೋಡಿ, ಹತ್ತಬೇಕೋ ಬೇಡವೋ ಎಂದು ನಿಂತರು. ಭಾವ ಕದಲಲಿಲ್ಲ. ಯಜಮಾನರು ಯಾರು ಎಂಬ ಹಾಗೆ ಅವರು ಭಾವನ ಮುಖ ನೋಡಿದರು, ಪುಟ್ಟಯ್ಯನ ಮುಖ ನೋಡಿದರು.

"ಸ್ವಲ್ಪ ಸರೀರಿ ಭಾವ," ಎಂದೆ. "ಜನ ಹತ್ತಲಿ."

ಭಾವ ಪಂಚೆ ಮುದುರಿಕೊಂಡು ಸರಿದು ಕೂತರು.